ಬೀಗಕ್ಕೆ ತಕ್ಕ ಕೀಲಿಕೈ

ಸಂತೆಯಲ್ಲಿ ರಾಗಿ ಕೊಳ್ಳಲು ಹೋದವನು ಬೆಲೆಯನ್ನು ಕೇಳುವ ಮೊದಲು ಅಳತೆಯನ್ನು ನೋಡುತ್ತಾನೆ. ಅಳೆಯುವ ಸೇರು ಊರಿಗೊಂದು ಬಗೆಯಾಗಿದ್ದರೆ ಬೆಲೆಗೆ ಅರ್ಥವೇ ಉಳಿಯುವುದಿಲ್ಲ. ಹಿಂದೆ ಭಾರತದಲ್ಲಿ ಸೇರು, ಮಣ, ಗಜ ಮುಂತಾದವುಗಳ ಪ್ರಮಾಣ ಪ್ರಾಂತದಿಂದ ಪ್ರಾಂತಕ್ಕೆ ಬೇರೆಬೇರೆಯಾಗಿತ್ತು. 1956ರಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಕಾಯಿದೆಯನ್ನು ಮಾಡಿತು. ಅದರ ಫಲವಾಗಿ ದೇಶಕ್ಕೆಲ್ಲ ಕಿಲೋಗ್ರಾಂ, ಮೀಟರುಗಳೇ ಗೊತ್ತಾದ ಅಳತೆಗಳಾದವು. ಹೀಗೆ ಎಲ್ಲರೂ ಒಪ್ಪಿ ನಡೆಯಬೇಕಾದ ಅಳತೆಯನ್ನು ಅಥವಾ ಕ್ರಮವನ್ನು ‘ಮಾನಕ’ ಎಂದು ಕರೆಯುತ್ತಾರೆ. ಧಾನ್ಯಕ್ಕೆ ಮಾನಕವಿರುವಂತೆ ಇಟ್ಟಿಗೆಗೆ, ವಿದ್ಯುದ್ದೀಪಕ್ಕೆ, ರೈಲುಹಳಿಯ ಅಗಲಕ್ಕೆ ಮಾನಕಗಳುಂಟು. ಅವುಗಳಂತೆಯೇ ಮನೆಯ ಟೆಲಿವಿಷನ್ ಪೆಟ್ಟಿಗೆಗೂ ಮಾನಕವುಂಟು. ಅದನ್ನು ಗೊತ್ತುಪಡಿಸಿದ ಕಥೆ ವಿಜ್ಞಾನದ ಕಥೆಯಾಗಿರುವಂತೆಯೇ ನ್ಯಾಯದ ಕಥೆಯೂ ಆಗಿದೆ.

ಅಳತೆಯ ಸೇರು ಹೆಚ್ಚುಕಡಿಮೆಯಾದರೆ ಕೊಂಡವನಿಗೆ ಒಂದು ಹಿಡಿ ರಾಗಿ ನಷ್ಟವಾದೀತು. ಉಳಿದುದಾದರೂ ಕೈಗೆ ಬರುತ್ತದೆ. ಟೆಲಿವಿಷನ್ನಿನಲ್ಲಿ ಹಾಗಲ್ಲ. ಅಲ್ಲಿ ಮಾನಕ ತಪ್ಪಿದರೆ ಕೈಗೆ ಬರುವುದು ಏನೂ ಇಲ್ಲ. ಇದಕ್ಕೆ ಕಾರಣ ಚಿತ್ರವನ್ನು ಕಳುಹಿಸುವ ಕ್ರಮದಲ್ಲಿಯೇ ಇದೆ. ಓದುವವನ ಕಣ್ಣು ಪುಟದ ಮೇಲಿನ ಸಾಲಿನಿಂದ ಆರಂಭಿಸಿ ಎಡದಿಂದ ಬಲಕ್ಕೆ, ಒಂದಾದ ಮೇಲೆ ಒಂದರಂತೆ ಸಾಲುಗಳನ್ನು ದಾಟಿ ಕೆಳಗಿಳಿಯುತ್ತದೆ. ಪ್ರಸಾರ ಕೇಂದ್ರದ ಕ್ಯಾಮರಾ ಎದುರಿನ ದೃಶ್ಯವನ್ನು ಹಾಗೆಯೇ ನೂರಾರು ಸಾಲುಗಳಾಗಿ ಓದುತ್ತದೆ. ಪ್ರತಿ ಸಾಲಿನಲ್ಲಿ ಎಲ್ಲಿ ಬೆಳಕು, ಎಲ್ಲಿ ನೆರಳು ಎಂಬುದು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಟ್ಟು, ರೇಡಿಯೋ ಅಲೆಯನ್ನೇರಿ ಮನೆಮನೆಗೆ ಬರುತ್ತದೆ. ಅಂದಿನ ಪೆಟ್ಟಿಗೆಗಳೊಳಗಿದ್ದ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳ ಒಂದು ಕಿರಣವು ಪರದೆಯ ಮೇಲೆ ಅದೇ ಸಾಲುಗಳನ್ನು ಅದೇ ವೇಗದಿಂದ ಮತ್ತೆ ಬರೆಯುತ್ತಿತ್ತು. ಸೆಕೆಂಡಿಗೆ ಇಪ್ಪತ್ತೈದು ಅಥವಾ ಮೂವತ್ತು ಚಿತ್ರಗಳು ಹೀಗೆ ಬರೆದು ಅಳಿಸಿಹೋದಾಗ ನೋಡುವವನಿಗೆ ಅದು ಚಲಿಸುವ ಚಿತ್ರವಾಗಿ ಕಾಣುತ್ತಿತ್ತು.

ಕಳುಹಿಸುವ ಕೇಂದ್ರವು ಚಿತ್ರವನ್ನು 625 ಸಾಲುಗಳಾಗಿ ಓದಿ, ಮನೆಯ ಪೆಟ್ಟಿಗೆಯು 405 ಸಾಲುಗಳಾಗಿ ಬರೆಯಹೊರಟರೆ ಪರದೆಯ ಮೇಲೆ ಮೂಡುವುದು ಮುಖವಲ್ಲ, ಹರಿದು ಚೆಲ್ಲಾಪಿಲ್ಲಿಯಾದ ಗೆರೆಗಳು. ಆದುದರಿಂದ ಪ್ರಸಾರ ಕೇಂದ್ರಕ್ಕೂ ಪೆಟ್ಟಿಗೆಗೂ ಇರುವ ಸಂಬಂಧ ಕೀಲಿಕೈಗೂ ಬೀಗಕ್ಕೂ ಇರುವ ಸಂಬಂಧದಂತಹುದು. ಕೀಲಿಕೈಯ ಒಂದು ಹಲ್ಲು ಬದಲಾದರೂ ಬೀಗ ತೆರೆಯದು.

ಕರ್ನಾಟಕದ ಹಳ್ಳಿಗಳು ಇದನ್ನು ಪ್ರತ್ಯಕ್ಷವಾಗಿ ಕಂಡುವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ ಪಾಠಗಳು ಬಂದುವು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹವು ಕಳುಹಿಸುತ್ತಿದ್ದ ಅಲೆಗಳು ಪಟ್ಟಣದ ಸಾಮಾನ್ಯ ಪೆಟ್ಟಿಗೆಗಳಿಗೆ ನೇರವಾಗಿ ದಕ್ಕುವಂತಹವಲ್ಲ. ಆದ್ದರಿಂದ ಸುಮಾರು ಮೂರು ಮೀಟರ್ ಅಗಲದ ತಂತಿಬಲೆಯ ಬುಟ್ಟಿಯಂತಹ ಆಂಟೆನಾವನ್ನೂ, ಆ ಅಲೆಗಳನ್ನು ಮಾರ್ಪಡಿಸುವ ಒಂದು ವಿಶೇಷ ಸಾಧನವನ್ನೂ ಪ್ರತಿ ಹಳ್ಳಿಯ ಪೆಟ್ಟಿಗೆಗೆ ಜೋಡಿಸಬೇಕಾಯಿತು. ಅಲ್ಲಿ ಕಳುಹಿಸುವವರೂ ಸರ್ಕಾರದವರೇ, ಪೆಟ್ಟಿಗೆಯನ್ನು ಇರಿಸಿದವರೂ ಸರ್ಕಾರದವರೇ. ಆದುದರಿಂದ ಬೀಗಕ್ಕೂ ಕೀಲಿಕೈಗೂ ಹೊಂದಿಕೆ ಸುಲಭವಾಯಿತು.

ಆದರೆ ಪ್ರಸಾರ ಮಾಡುವವನು ಒಬ್ಬ, ಪೆಟ್ಟಿಗೆ ತಯಾರಿಸುವವನು ಇನ್ನೊಬ್ಬ, ಹಣ ಕೊಟ್ಟು ಕೊಳ್ಳುವವನು ಮತ್ತೊಬ್ಬನಾಗಿರುವ ದೇಶದಲ್ಲಿ ಹೊಂದಿಕೆಯನ್ನು ಮಾಡಿಸುವವರು ಯಾರು? ಪ್ರತಿಯೊಬ್ಬನೂ ತನಗೆ ತೋರಿದಂತೆ ನಡೆಯಲೆಂದು ಬಿಟ್ಟುಬಿಡಬಹುದೆ? ಅಥವಾ ಸರ್ಕಾರ ನಡುವೆ ಬಂದು ಕಟ್ಟಳೆ ಮಾಡಬೇಕೆ? ಮಾಡುವುದಾದರೆ ಯಾವಾಗ, ಎಷ್ಟರ ಮಟ್ಟಿಗೆ ಮಾಡಬೇಕು? ಈ ಪ್ರಶ್ನೆಗಳು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎದ್ದಷ್ಟು ಸ್ಪಷ್ಟವಾಗಿ ಬೇರೆಡೆ ಏಳಲಿಲ್ಲ. ಅಲ್ಲಿ ಪ್ರಸಾರ ಕೇಂದ್ರಗಳೂ ಕಾರ್ಖಾನೆಗಳೂ ಖಾಸಗಿಯವರವು. ಆಕಾಶದ ಅಲೆಗಳು ಮಾತ್ರ ಸಾರ್ವಜನಿಕರ ಸೊತ್ತು. ಆ ಅಲೆಗಳನ್ನು ಹಂಚಿಕೊಡಲು 1934ರಲ್ಲಿ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ಸರ್ಕಾರಿ ಆಯೋಗವನ್ನು ಸ್ಥಾಪಿಸಲಾಗಿತ್ತು.

1939ರ ಏಪ್ರಿಲ್ 30ರಂದು ನ್ಯೂಯಾರ್ಕ್ ನಗರದ ವಿಶ್ವಮೇಳವನ್ನು ಅಧ್ಯಕ್ಷ ರೂಸ್‌ವೆಲ್ಟರು ಉದ್ಘಾಟಿಸಿದರು. ಆ ಸಮಾರಂಭವನ್ನು ಆರ್.ಸಿ.ಎ. ಎಂಬ ದೊಡ್ಡ ಸಂಸ್ಥೆ ಟೆಲಿವಿಷನ್ನಿನಲ್ಲಿ ತೋರಿಸಿತು. ಅದರ ಪೆಟ್ಟಿಗೆಗಳು 441 ಸಾಲುಗಳವು. ಪೈಪೋಟಿಯಲ್ಲಿದ್ದ ಇತರ ಸಂಸ್ಥೆಗಳು ಇದಕ್ಕಿಂತ ಹೆಚ್ಚು ಸಾಲುಗಳಿದ್ದರೆ ಚಿತ್ರ ಸ್ಫುಟವಾಗುತ್ತದೆಂದು ವಾದಿಸುತ್ತಿದ್ದವು. 1940ರ ಆರಂಭದಲ್ಲಿ ಆಯೋಗವು ಪರಿಮಿತವಾದ ವಾಣಿಜ್ಯ ಪ್ರಸಾರಕ್ಕೆ ಒಪ್ಪಿಗೆ ಕೊಟ್ಟಿತು. ಕೂಡಲೇ ಆರ್.ಸಿ.ಎ. ತನ್ನ ಪೆಟ್ಟಿಗೆಗಳನ್ನು ಕೊಳ್ಳುವಂತೆ ಭಾರಿ ಜಾಹೀರಾತುಗಳನ್ನು ಪ್ರಕಟಿಸಿತು. ಆಯೋಗಕ್ಕೆ ಆತಂಕವಾಯಿತು. ಇಂದು ಸಾವಿರಾರು ಜನ ಈ ಪೆಟ್ಟಿಗೆಯನ್ನು ಕೊಂಡರೆ ನಾಳೆ ಉತ್ತಮವಾದ ಕ್ರಮ ಬಂದಾಗ ಏನು ಮಾಡುವುದು? ಹೊಸದನ್ನು ತಂದರೆ ಕೊಂಡವರ ಹಣ ಹಾಳು. ತರದಿದ್ದರೆ ದೇಶಕ್ಕೆಲ್ಲ ಕೀಳು ಚಿತ್ರವೇ ಗತಿ. ಹೀಗೆಂದು ಯೋಚಿಸಿದ ಆಯೋಗವು ತಾನಿತ್ತ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು.

ಈ ಕ್ರಮವನ್ನು ಹಲವರು ಟೀಕಿಸಿದರು. ಜನರು ತಮ್ಮ ಹಣದಿಂದ ಏನನ್ನು ಕೊಳ್ಳಬೇಕೆಂದು ಹೇಳಲು ಸರ್ಕಾರ ಯಾರು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ರೇಡಿಯೋ ವಿಷಯದಲ್ಲಿ ಆಯೋಗ ಹಾಗೆ ತಡೆದಿರಲಿಲ್ಲ. ಏಕೆಂದರೆ ಹೊಸ ರೇಡಿಯೋ ಎಷ್ಟೇ ಉತ್ತಮವಾಗಿದ್ದರೂ ಹಳೆಯದು ಮೂಕವಾಗುತ್ತಿರಲಿಲ್ಲ. ಟೆಲಿವಿಷನ್ನಿನಲ್ಲಿ ಹೊಸ ಕ್ರಮ ಬಂದ ದಿನವೇ ಹಳೆಯ ಪೆಟ್ಟಿಗೆ ಕುರುಡಾಗುವ ಸಂಭವವಿತ್ತು. ಆಯೋಗವು ಮಾನಕವನ್ನು ತಾನೇ ಕಲ್ಪಿಸಿಕೊಳ್ಳಲಿಲ್ಲ. ಪೈಪೋಟಿಯಲ್ಲಿದ್ದ ಕಾರ್ಖಾನೆಗಳ ಎಂಜಿನಿಯರುಗಳೆಲ್ಲ ಕೂಡಿ ಒಮ್ಮತಕ್ಕೆ ಬಂದರೆ ಅದನ್ನು ಅಂಗೀಕರಿಸುವುದಾಗಿ ತಿಳಿಸಿತು. ಆಗ ಡಬ್ಲ್ಯು. ಆರ್. ಜಿ. ಬೇಕರ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಟೆಲಿವಿಷನ್ ಪದ್ಧತಿ ಸಮಿತಿ ಏರ್ಪಟ್ಟಿತು. ತಿಂಗಳುಗಟ್ಟಲೆ ಚರ್ಚಿಸಿದ ಆ ಸಮಿತಿ 525 ಸಾಲು, ಸೆಕೆಂಡಿಗೆ 30 ಚಿತ್ರ ಎಂಬ ನಿರ್ಧಾರಕ್ಕೆ ಬಂದಿತು. 1941ರಲ್ಲಿ ಆಯೋಗ ಅದನ್ನು ಅಂಗೀಕರಿಸಿತು. ಆ ವರ್ಷದ ಜುಲೈ 1ರಂದು ವಾಣಿಜ್ಯ ಪ್ರಸಾರ ಆರಂಭವಾಯಿತು. ಒಂದು ವರ್ಷ ತಡೆದುದರ ಫಲವಾಗಿ ಸಿಕ್ಕಿದ ಈ ಮಾನಕ 2009ರವರೆಗೆ ಬಾಳಿತು.

ಯುದ್ಧ ಮುಗಿದ ಮೇಲೆ ಪೆಟ್ಟಿಗೆಗಳ ಮಾರಾಟ ಮಳೆಗಾಲದ ಹೊಳೆಯಂತೆ ಏರಿತು. 1950ರ ಕೊನೆಯ ವೇಳೆಗೆ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಪೆಟ್ಟಿಗೆಗಳಿದ್ದವು. ಅವೆಲ್ಲವೂ ಕಪ್ಪುಬಿಳುಪು ಚಿತ್ರದವು. ಆ ಸಮಯದಲ್ಲಿ ಬಣ್ಣದ ಪ್ರಶ್ನೆ ಬಂದಿತು. ಸಿ.ಬಿ.ಎಸ್. ಸಂಸ್ಥೆಯ ಪೀಟರ್ ಗೋಲ್ಡ್‌ಮಾರ್ಕ್ ಎಂಬ ಎಂಜಿನಿಯರರು ಕೆಂಪು, ನೀಲಿ, ಹಸಿರು ಗಾಜುಗಳ ತಿರುಗುವ ತಟ್ಟೆಯೊಂದರ ಸಹಾಯದಿಂದ ವರ್ಣಚಿತ್ರವನ್ನು ಕಳುಹಿಸುವ ಕ್ರಮವನ್ನು ರೂಪಿಸಿದ್ದರು. ಬಣ್ಣಗಳು ಬಹಳ ಚೆನ್ನಾಗಿ ಮೂಡುತ್ತಿದ್ದವು. ಆದರೆ ಅದರ ಸಾಲುಗಳ ಸಂಖ್ಯೆ, ಚಿತ್ರಗಳ ವೇಗ ಎಲ್ಲವೂ ಬೇರೆ. ಹಳೆಯ ಪೆಟ್ಟಿಗೆಗಳಲ್ಲಿ ಆ ಕಾರ್ಯಕ್ರಮ ಬಣ್ಣದಲ್ಲಿ ಹಾಗಿರಲಿ, ಕಪ್ಪುಬಿಳುಪಿನಲ್ಲಿಯೂ ಕಾಣುತ್ತಿರಲಿಲ್ಲ. ಆರ್.ಸಿ.ಎ. ರೂಪಿಸುತ್ತಿದ್ದ ಇನ್ನೊಂದು ಕ್ರಮ ಹಳೆಯ ಪೆಟ್ಟಿಗೆಗಳಿಗೆ ಹೊಂದುತ್ತಿತ್ತು. ಆದರೆ ಅದರಲ್ಲಿ ಬಣ್ಣಗಳು ಆಗಿನ್ನೂ ಸರಿಯಾಗಿ ನಿಲ್ಲುತ್ತಿರಲಿಲ್ಲ.

ಆಯೋಗ ಧರ್ಮಸಂಕಟಕ್ಕೆ ಸಿಲುಕಿತು. ಕಾದಷ್ಟೂ ಹಳೆಯ ಪೆಟ್ಟಿಗೆಗಳ ಸಂಖ್ಯೆ ಬೆಳೆಯುತ್ತದೆ; ಬೆಳೆದಷ್ಟೂ ಬದಲಾವಣೆ ಕಷ್ಟವಾಗುತ್ತದೆ. ಹಳೆಯ ಕ್ರಮವನ್ನೂ ಹೊಸ ಕ್ರಮವನ್ನೂ ಹಿಡಿಯಬಲ್ಲ ಪೆಟ್ಟಿಗೆಗಳನ್ನು ಮಾಡಿರೆಂದು ಆಯೋಗ ಕಾರ್ಖಾನೆಗಳನ್ನು ಕೇಳಿಕೊಂಡಿತು. ಅವು ಒಪ್ಪಲಿಲ್ಲ. ಒಪ್ಪಿಸುವ ಅಧಿಕಾರ ಕಾಯಿದೆಯಲ್ಲಿ ಆಯೋಗಕ್ಕಿರಲಿಲ್ಲ. ಅದರ ಅಧಿಕಾರ ಪ್ರಸಾರ ಕೇಂದ್ರಗಳ ಮೇಲೆ ಮಾತ್ರ. ಕೀಲಿಕೈಗೆ ಒಡೆಯರಾಗಿದ್ದವರು ಬೀಗಕ್ಕೆ ಒಡೆಯರಾಗಿರಲಿಲ್ಲ. ಕೊನೆಗೆ 1950ರ ಅಕ್ಟೋಬರಿನಲ್ಲಿ ಆಯೋಗ ಸಿ.ಬಿ.ಎಸ್. ಕ್ರಮವನ್ನೇ ದೇಶದ ವರ್ಣಮಾನಕವೆಂದು ಘೋಷಿಸಿತು. ಆರ್.ಸಿ.ಎ. ನ್ಯಾಯಾಲಯಕ್ಕೆ ಹೋಯಿತು. 1951ರ ಮೇ 28ರಂದು ಸರ್ವೋಚ್ಚ ನ್ಯಾಯಾಲಯ ಆಯೋಗದ ಅಧಿಕಾರವನ್ನು ಎತ್ತಿಹಿಡಿಯಿತು.

ಕಾಯಿದೆ ಗೆದ್ದಿತು, ಆದರೆ ಕಾರ್ಯ ಗೆಲ್ಲಲಿಲ್ಲ. 1951ರ ಜೂನ್ 25ರಂದು ಸಿ.ಬಿ.ಎಸ್. ತನ್ನ ವರ್ಣಪ್ರಸಾರವನ್ನು ವೈಭವದಿಂದ ಆರಂಭಿಸಿದಾಗ ಅದನ್ನು ನೋಡಬಲ್ಲ ಪೆಟ್ಟಿಗೆಗಳು ಬೆರಳೆಣಿಕೆಯಷ್ಟಿದ್ದವು. ಹಳೆಯ ಪೆಟ್ಟಿಗೆಗಳಲ್ಲಿ ಆ ಕಾರ್ಯಕ್ರಮ ಅರ್ಥವಿಲ್ಲದ ಗೆರೆಗಳಾಗಿ ತೋರಿತು. ನೋಡುವವರಿಲ್ಲದ ಕಾರ್ಯಕ್ರಮಕ್ಕೆ ಜಾಹೀರಾತು ಕೊಡುವವರಾರು? ಅದೇ ಅಕ್ಟೋಬರಿನಲ್ಲಿ ಕೊರಿಯಾ ಯುದ್ಧದ ನಿಮಿತ್ತ ಸಾಮಗ್ರಿಗಳ ಉಳಿತಾಯಕ್ಕಾಗಿ ವರ್ಣಪೆಟ್ಟಿಗೆಗಳ ತಯಾರಿಕೆಯನ್ನು ನಿಲ್ಲಿಸುವಂತೆ ಸರ್ಕಾರ ಕೇಳಿಕೊಂಡಿತು. ಪ್ರಸಾರ ನಿಂತಿತು, ಮತ್ತೆ ತಲೆಯೆತ್ತಲಿಲ್ಲ. ಗೋಲ್ಡ್‌ಮಾರ್ಕರ ವಿಜ್ಞಾನ ತಪ್ಪಾಗಿತ್ತೆಂದು ಇದರಿಂದ ತಿಳಿಯಬಾರದು. 1969ರಲ್ಲಿ ಅಪೋಲೊ 10 ಗಗನನೌಕೆಯು ಚಂದ್ರನ ಸಮೀಪದಿಂದ ಕಳುಹಿಸಿದ ವರ್ಣಚಿತ್ರಗಳನ್ನು ತೆಗೆದದ್ದು ತಿರುಗುವ ಬಣ್ಣದ ತಟ್ಟೆಯ ಕ್ಯಾಮರಾವೇ. ಕೊರತೆಯಿದ್ದುದು ವಿಜ್ಞಾನದಲ್ಲಲ್ಲ, ಜನರ ಮನೆಯಲ್ಲಿ ಈಗಾಗಲೇ ಇದ್ದುದನ್ನು ಲೆಕ್ಕಕ್ಕೆ ತಂದುಕೊಳ್ಳದ ನಿರ್ಧಾರದಲ್ಲಿ.

ಎಂಜಿನಿಯರುಗಳ ಸಮಿತಿ ಮತ್ತೆ ಕೂಡಿತು. ಈ ಸಲ ಅವರು ತಮಗೆ ತಾವೇ ಒಂದು ಕಟ್ಟನ್ನು ವಿಧಿಸಿಕೊಂಡರು: ಹೊಸ ಬಣ್ಣ ಹಳೆಯ ಪೆಟ್ಟಿಗೆಯನ್ನು ಕೆಡಿಸಬಾರದು. ಇದಕ್ಕೆ ಅವರು ಕಂಡುಕೊಂಡ ಉಪಾಯ ಸೊಗಸಾದುದು. ಚಿತ್ರದ ಬೆಳಕುನೆರಳುಗಳನ್ನು ಮೊದಲಿನ ಹಾಗೆಯೇ ಕಳುಹಿಸುವುದು. ಬಣ್ಣದ ವಿವರವನ್ನು ಅದರೊಳಗೆ ಅಡಗಿಸಿ ಜೊತೆಗೆ ಕಳುಹಿಸುವುದು. ಹಳೆಯ ಪೆಟ್ಟಿಗೆ ಬೆಳಕುನೆರಳುಗಳನ್ನು ಮಾತ್ರ ಓದಿ ಎಂದಿನಂತೆ ಕಪ್ಪುಬಿಳುಪು ಚಿತ್ರವನ್ನು ತೋರಿಸುತ್ತದೆ. ಹೊಸ ಪೆಟ್ಟಿಗೆ ಎರಡನ್ನೂ ಓದಿ ಬಣ್ಣವನ್ನು ಮೂಡಿಸುತ್ತದೆ. ಒಂದೇ ಮಾತಿನಲ್ಲಿ ಬಲ್ಲವನಿಗೆ ಒಂದು ಅರ್ಥವೂ ಇತರರಿಗೆ ಇನ್ನೊಂದು ಅರ್ಥವೂ ಹೊಳೆಯುವ ಶ್ಲೇಷೆಯಂತೆ ಇದು ಕೆಲಸ ಮಾಡಿತು. 1953ರ ಡಿಸೆಂಬರ್ 17ರಂದು ಆಯೋಗ ತನ್ನ ಹಿಂದಿನ ನಿರ್ಧಾರವನ್ನು ಬಿಟ್ಟು ಈ ಹೊಸ ಮಾನಕವನ್ನು ಅಂಗೀಕರಿಸಿತು. ಸರ್ಕಾರದ ಒಂದು ಅಂಗವು ತನ್ನ ತೀರ್ಮಾನವನ್ನು ತಾನೇ ತಿದ್ದಿಕೊಂಡುದು ಇಲ್ಲಿ ಗಮನಿಸತಕ್ಕ ಸಂಗತಿ.

ಬಣ್ಣದ ಪ್ರಶ್ನೆ ಬಗೆಹರಿದರೂ ಇನ್ನೊಂದು ಪ್ರಶ್ನೆ ಉಳಿದಿತ್ತು. ಯುದ್ಧಾನಂತರ ಅಮೆರಿಕದಲ್ಲಿ ಟೆಲಿವಿಷನ್ನಿಗೆ ದೊರಕಿದ್ದುದು 2ರಿಂದ 13ರವರೆಗಿನ ಹನ್ನೆರಡು ಚಾನೆಲ್ಲುಗಳು ಮಾತ್ರ. ಅಷ್ಟರಲ್ಲಿಯೇ ಕೇಂದ್ರಗಳು ಹೆಚ್ಚಿದಾಗ ಒಂದರ ಪ್ರಸಾರ ಇನ್ನೊಂದರ ಮೇಲೆ ಬಿದ್ದು ಚಿತ್ರ ಕೆಡತೊಡಗಿತು. 1948ರ ಸೆಪ್ಟೆಂಬರಿನಲ್ಲಿ ಆಯೋಗ ಹೊಸ ಕೇಂದ್ರಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿತು. ಸುಮಾರು ಮೂರೂವರೆ ವರ್ಷಗಳ ವಿಚಾರಣೆಯ ಬಳಿಕ, 1952ರ ಏಪ್ರಿಲಿನಲ್ಲಿ, 14ರಿಂದ 83ರವರೆಗಿನ ಎಪ್ಪತ್ತು ಹೊಸ ಚಾನೆಲ್ಲುಗಳನ್ನು ತೆರೆಯಿತು. ಇವು ಇನ್ನೂ ಹೆಚ್ಚಿನ ಆವರ್ತನದ ಅಲೆಗಳ ಮೇಲಿದ್ದುವು, ಇವುಗಳಿಗೆ ಯು.ಎಚ್.ಎಫ್. ಎಂದು ಹೆಸರು. ಆಯೋಗದ ಮೊದಲ ಮಹಿಳಾ ಸದಸ್ಯೆ ಫ್ರೀಡಾ ಹೆನ್ನಾಕ್ ಅವರು ಶಾಲಾ ಕಾಲೇಜುಗಳಿಗೂ ಈ ಅಲೆಗಳಲ್ಲಿ ಪಾಲು ಸಿಗಬೇಕೆಂದು ಹಟ ಹಿಡಿದು ವಾದಿಸಿದ್ದರು. ಅದರಂತೆ ಶಿಕ್ಷಣಕ್ಕಾಗಿ 242 ಸ್ಥಾನಗಳನ್ನು ಕಾದಿರಿಸಲಾಯಿತು. ಅವುಗಳಲ್ಲಿ 162 ಸ್ಥಾನಗಳು ಹೊಸ ಚಾನೆಲ್ಲುಗಳಲ್ಲಿದ್ದವು.

ಬಾಗಿಲೇನೋ ತೆರೆಯಿತು, ಒಳಗೆ ಬರುವವರಿಲ್ಲವಾದರು. ಜನರ ಮನೆಯಲ್ಲಿದ್ದ ಪೆಟ್ಟಿಗೆಗಳ ತಿರುಗುಬಿರಡೆಯಲ್ಲಿ 13ರ ಮುಂದೆ ಅಂಕಿಯೇ ಇರಲಿಲ್ಲ. ಹೊಸ ಚಾನೆಲ್ಲು ಬೇಕಾದವರು ಬೇರೊಂದು ಸಾಧನವನ್ನೂ ಬೇರೊಂದು ಆಂಟೆನಾವನ್ನೂ ಕೊಳ್ಳಬೇಕಾಗಿತ್ತು. ಕಾರ್ಖಾನೆಗಳು ಹೊಸ ಪೆಟ್ಟಿಗೆಗಳಲ್ಲಿಯೂ ಹಳೆಯ ಹನ್ನೆರಡೇ ಚಾನೆಲ್ಲುಗಳನ್ನು ಇರಿಸಿ ಬೆಲೆಯನ್ನು ತಗ್ಗಿಸಿದವು. ‘ಹುಚ್ಚು ಬಿಡುವತನಕ ಮದುವೆಯಾಗದು, ಮದುವೆಯಾಗುವತನಕ ಹುಚ್ಚು ಬಿಡದು’ ಎಂಬ ಗಾದೆಯಂತಾಯಿತು. ನೋಡುವವರಿಲ್ಲವೆಂದು ಜಾಹೀರಾತು ಬರಲಿಲ್ಲ. ಜಾಹೀರಾತು ಬಾರದೆ ಒಳ್ಳೆಯ ಕಾರ್ಯಕ್ರಮ ಬರಲಿಲ್ಲ. ಒಳ್ಳೆಯ ಕಾರ್ಯಕ್ರಮವಿಲ್ಲವೆಂದು ಜನ ಹೊಸ ಪೆಟ್ಟಿಗೆಯನ್ನು ಕೇಳಲಿಲ್ಲ. ಜನ ಕೇಳಲಿಲ್ಲವೆಂದು ಕಾರ್ಖಾನೆ ಮಾಡಲಿಲ್ಲ. ಈ ಸರಪಳಿಯಲ್ಲಿ ಯಾರೊಬ್ಬರೂ ಅವಿವೇಕಿಗಳಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮಟ್ಟಿಗೆ ವಿವೇಕದಿಂದಲೇ ನಡೆದಿದ್ದರು. ಆದರೂ ಎಲ್ಲರ ವಿವೇಕ ಸೇರಿ ಎಲ್ಲರಿಗೂ ನಷ್ಟವಾಯಿತು. ಹತ್ತಾರು ಹೊಸ ಕೇಂದ್ರಗಳು ಬಾಗಿಲು ಮುಚ್ಚಿದವು. ಶಿಕ್ಷಣಕ್ಕೆಂದು ಕಾದಿರಿಸಿದ ಅನೇಕ ಸ್ಥಾನಗಳು ಬಿತ್ತನೆಯಾಗದ ಹೊಲದಂತೆ ಬೀಳುಬಿದ್ದವು.

ಇಂತಹ ಸರಪಳಿಯನ್ನು ಒಬ್ಬ ಕೊಳ್ಳುಗನಾಗಲಿ ಒಬ್ಬ ವರ್ತಕನಾಗಲಿ ಮುರಿಯಲಾರ. ಕಾರ್ಖಾನೆಯೊಂದು ಸದುದ್ದೇಶದಿಂದ ಎಲ್ಲ ಚಾನೆಲ್ಲುಗಳನ್ನೂ ಜೋಡಿಸಿದರೆ ಅದರ ಪೆಟ್ಟಿಗೆಯ ಬೆಲೆ ಏರಿ, ಜೋಡಿಸದ ಕಾರ್ಖಾನೆಗೆ ಲಾಭವಾಗುತ್ತದೆ. ಎಲ್ಲರಿಗೂ ಏಕಕಾಲದಲ್ಲಿ ಅನ್ವಯಿಸುವ ಕಟ್ಟಳೆ ಮಾತ್ರ ಅದನ್ನು ಮುರಿಯಬಲ್ಲದು. ಆಯೋಗ ಮೊದಲು ಇನ್ನೊಂದು ದಾರಿಯನ್ನು ಯೋಚಿಸಿತ್ತು. ಕೆಲವು ನಗರಗಳನ್ನು ಪೂರ್ತಿಯಾಗಿ ಹೊಸ ಚಾನೆಲ್ಲುಗಳಿಗೇ ಬಿಟ್ಟುಕೊಡುವ ದಾರಿ ಅದು. ಹಳೆಯ ಚಾನೆಲ್ಲುಗಳನ್ನು ಹಿಡಿದಿದ್ದ ಕೇಂದ್ರಗಳು ಅದನ್ನು ಬಲವಾಗಿ ವಿರೋಧಿಸಿದವು. ಆಗ ನ್ಯೂಟನ್ ಮಿನೊ ಅವರು ಆಯೋಗದ ಅಧ್ಯಕ್ಷರು. ಆ ಯೋಜನೆಯನ್ನು ಬದಿಗಿರಿಸಿ, ಅದರ ಬದಲು ಪೆಟ್ಟಿಗೆಗೇ ಕಟ್ಟಳೆ ಮಾಡುವ ಕಾಯಿದೆಗೆ ಎಲ್ಲರೂ ಒಪ್ಪಿದರು. 1962ರ ಜುಲೈ 10ರಂದು ಅಧ್ಯಕ್ಷ ಕೆನಡಿ ಅವರು ಸರ್ವಚಾನೆಲ್ ಗ್ರಾಹಕ ಕಾಯಿದೆಗೆ ಸಹಿ ಹಾಕಿದರು. 1964ರ ಏಪ್ರಿಲ್ 30ರ ಬಳಿಕ ತಯಾರಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಅಥವಾ ಹೊರದೇಶದಿಂದ ಬರುವ ಪ್ರತಿಯೊಂದು ಪೆಟ್ಟಿಗೆಯೂ 82 ಚಾನೆಲ್ಲುಗಳೆಲ್ಲವನ್ನೂ ಹಿಡಿಯುವಂತಿರಬೇಕಾಯಿತು. ಬೀಗವನ್ನು ಕುರಿತು ಸರ್ಕಾರ ಮಾತನಾಡುವ ಅಧಿಕಾರ ಹೀಗೆ ಮೊದಲ ಬಾರಿಗೆ ಕಾಯಿದೆಯಲ್ಲಿ ಬಂದಿತು.

ಇದಕ್ಕೆ ಆಕ್ಷೇಪಗಳಿದ್ದವು. ತನ್ನ ಊರಿನಲ್ಲಿ ಹೊಸ ಚಾನೆಲ್ಲಿನ ಒಂದು ಕೇಂದ್ರವೂ ಇಲ್ಲದವನು ತನಗೆ ಬೇಡದ ಭಾಗಕ್ಕೆ ಏಕೆ ಹಣ ತೆರಬೇಕು? ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಾಯಿದೆಯನ್ನು ಬೆಂಬಲಿಸಿದವರ ಉತ್ತರ ಇಷ್ಟು: ಪೆಟ್ಟಿಗೆ ಇಲ್ಲದಿರುವುದರಿಂದಲೇ ಅವನ ಊರಿಗೆ ಕೇಂದ್ರ ಬರುತ್ತಿಲ್ಲ, ಇಂದು ಬೇಡವೆಂದು ತೋರುವುದು ನಾಳೆ ಅವನ ಮಕ್ಕಳಿಗೆ ಬೇಕಾಗುತ್ತದೆ. ಊರ ಕೆರೆಯ ಹೂಳೆತ್ತಲು ಮನೆಗೊಬ್ಬ ಆಳು ಬರಬೇಕೆಂಬ ಕಟ್ಟಳೆಯಿದ್ದಲ್ಲಿ, ಕೆರೆಯ ನೀರು ಹಾಯದ ಹೊಲದವನೂ ಗುದ್ದಲಿ ಹಿಡಿದು ಬರುತ್ತಾನೆ. ಕೆರೆ ತುಂಬಿದರೆ ಅವನ ಬಾವಿಯಲ್ಲಿಯೂ ನೀರೇರುತ್ತದೆ. ಇದೂ ಅಂತಹುದೇ.

ಕಾಯಿದೆಯಾದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಹಳೆಯ ಚಾನೆಲ್ಲಿಗೆ ಬಿರಡೆಯನ್ನು ‘ಟಿಕ್’ ಎಂದು ತಿರುಗಿಸಿದರೆ ಸಾಕಾಗಿತ್ತು. ಹೊಸ ಚಾನೆಲ್ಲನ್ನು ಮಾತ್ರ ರೇಡಿಯೋದಲ್ಲಿ ಹುಡುಕುವಂತೆ ಕೂದಲೆಳೆಯಷ್ಟು ನಾಜೂಕಾಗಿ ಹುಡುಕಬೇಕಾಗಿತ್ತು. ಕಾರ್ಖಾನೆಗಳು ಕಾಯಿದೆಯ ಅಕ್ಷರವನ್ನು ಪಾಲಿಸಿದ್ದವು, ಆಶಯವನ್ನಲ್ಲ. ಮುಂದೆ 1970ರ ದಶಕದಲ್ಲಿ ಎರಡು ಬಗೆಯ ಚಾನೆಲ್ಲುಗಳನ್ನೂ ಒಂದೇ ಸಮನಾದ ಸುಲಭತೆಯಿಂದ ಹಿಡಿಯುವಂತಿರಬೇಕೆಂದು ಆಯೋಗ ನಿಯಮ ಮಾಡಬೇಕಾಯಿತು. ಈ ನಡುವೆ ಪೆಟ್ಟಿಗೆಗಳು ಮನೆಮನೆಗೆ ಹರಡಿದಂತೆ ಹೊಸ ಚಾನೆಲ್ಲುಗಳು ಜೀವ ತಳೆದವು. ಹೆನ್ನಾಕ್ ಅವರು ಕಾದಿರಿಸಿಕೊಟ್ಟಿದ್ದ ಸ್ಥಾನಗಳಲ್ಲಿ ಶಿಕ್ಷಣ ಕೇಂದ್ರಗಳು ತಲೆಯೆತ್ತಿದವು. 1969ರ ನವೆಂಬರಿನಲ್ಲಿ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಕಾರ್ಯಕ್ರಮ ಆರಂಭವಾದಾಗ ಅನೇಕ ನಗರಗಳಲ್ಲಿ ಅದು ಬಂದುದು ಈ ಹೊಸ ಚಾನೆಲ್ಲುಗಳಲ್ಲಿಯೇ. ಕಾಯಿದೆ ಇಲ್ಲದಿದ್ದರೆ ಅಕ್ಷರ ಕಲಿಸುವ ಆ ಪಾಠ ಆಕಾಶದಲ್ಲಿ ಹರಡಿಯೂ ಎಷ್ಟೋ ಬಡ ಮಕ್ಕಳ ಮನೆಗೆ ಇಳಿಯುತ್ತಿರಲಿಲ್ಲ.

ಈ ತತ್ತ್ವವನ್ನು ಮುಂದೆ ಕಿವುಡರ ಸಲುವಾಗಿಯೂ ಬಳಸಲಾಯಿತು. 1980ರಿಂದ ಅಮೆರಿಕದ ಕೆಲವು ಕಾರ್ಯಕ್ರಮಗಳಲ್ಲಿ ಆಡುವ ಮಾತುಗಳು ಅಕ್ಷರರೂಪದಲ್ಲಿ ಅಡಗಿಕೊಂಡು ಬರುತ್ತಿದ್ದವು. ಅವನ್ನು ಪರದೆಯ ಮೇಲೆ ಮೂಡಿಸಲು ಬೇರೊಂದು ದುಬಾರಿ ಸಾಧನ ಬೇಕಾಗಿತ್ತು. ಕೊಂಡವರು ಕಡಿಮೆಯಾದುದರಿಂದ ಅದರ ಬೆಲೆ ಇಳಿಯಲಿಲ್ಲ; ಬೆಲೆ ಇಳಿಯದುದರಿಂದ ಕೊಂಡವರು ಕಡಿಮೆಯಾದರು. 1990ರಲ್ಲಿ ಮಾಡಿದ ಕಾಯಿದೆಯ ಪ್ರಕಾರ 1993ರ ಜುಲೈ 1ರಿಂದ ಹದಿಮೂರು ಅಂಗುಲ ಹಾಗೂ ಅದಕ್ಕಿಂತ ದೊಡ್ಡ ಪರದೆಯ ಎಲ್ಲ ಪೆಟ್ಟಿಗೆಗಳೊಳಗೂ ಆ ಸಾಧನ ಸೇರಿಕೊಂಡಿರಬೇಕಾಯಿತು. ಎಲ್ಲ ಪೆಟ್ಟಿಗೆಗಳಲ್ಲೂ ಸೇರಿದಾಗ ಅದರ ವೆಚ್ಚ ಅತ್ಯಲ್ಪವಾಯಿತು. ಕಿವಿ ಕೇಳದವರು ಮೊದಲ ಬಾರಿಗೆ ಮನೆಯವರೊಡನೆ ಕುಳಿತು, ಅವರು ನಕ್ಕಾಗ ತಾವೂ ನಗುವಂತಾಯಿತು. ಇಂಗ್ಲಿಷನ್ನು ಹೊಸದಾಗಿ ಕಲಿಯುವವರಿಗೂ ಅದರಿಂದ ಪ್ರಯೋಜನವಾಯಿತು.

ಕೊನೆಯದು ಡಿಜಿಟಲ್ ಪ್ರಸಾರದ ಸಂಗತಿ. ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸಿ ಕಳುಹಿಸುವ ಈ ಕ್ರಮಕ್ಕೂ ಹಳೆಯ ಕ್ರಮಕ್ಕೂ ಹೊಂದಿಕೆಯೇ ಸಾಧ್ಯವಿರಲಿಲ್ಲ. ಹೊಸ ಪೆಟ್ಟಿಗೆಗಳೆಲ್ಲ ಡಿಜಿಟಲ್ ಪ್ರಸಾರವನ್ನು ಹಿಡಿಯುವಂತಿರಬೇಕೆಂದು 2002ರಲ್ಲಿ ಆಯೋಗ ಆಜ್ಞೆ ಮಾಡಿತು. ದೊಡ್ಡ ಪರದೆಯವುಗಳಿಂದ ಮೊದಲುಗೊಂಡು ಹಂತಹಂತವಾಗಿ, 2007ರ ಮಾರ್ಚ್ 1ರ ವೇಳೆಗೆ ಎಲ್ಲವಕ್ಕೂ ಅದು ಅನ್ವಯಿಸಿತು. ತಯಾರಕರ ಸಂಘ ನ್ಯಾಯಾಲಯದ ಮೊರೆಹೊಕ್ಕಿತು. ನಲವತ್ತು ವರ್ಷ ಹಳೆಯದಾದ 1962ರ ಕಾಯಿದೆಯೇ ಆಯೋಗಕ್ಕೆ ಈ ಅಧಿಕಾರವನ್ನು ಕೊಡುತ್ತದೆಂದು 2003ರಲ್ಲಿ ತೀರ್ಪಾಯಿತು. ಹಳೆಯ ಪೆಟ್ಟಿಗೆಯವರನ್ನು ಈ ಸಲ ಕೈಬಿಡಲಿಲ್ಲ. ಮಾರ್ಪಡಿಸುವ ಸಾಧನವನ್ನು ಕೊಳ್ಳಲು ಮನೆಯೊಂದಕ್ಕೆ ನಲವತ್ತು ಡಾಲರುಗಳ ಎರಡು ಚೀಟಿಗಳವರೆಗೆ ಸರ್ಕಾರ ಕೊಟ್ಟಿತು. 2009ರ ಫೆಬ್ರವರಿಗೆ ಹಳೆಯ ಪ್ರಸಾರವನ್ನು ನಿಲ್ಲಿಸಬೇಕೆಂದಿದ್ದರೂ ಚೀಟಿಗಾಗಿ ಕಾದಿರುವವರು ಬಹಳ ಮಂದಿ ಇದ್ದುದರಿಂದ ಆ ದಿನವನ್ನು ಮುಂದೂಡಿ, ಜೂನ್ 12ರಂದು ನಿಲ್ಲಿಸಲಾಯಿತು.

ಹಳೆಯ ಪೆಟ್ಟಿಗೆಯವರ ವಿಷಯದಲ್ಲಿ ಬೇರೆ ದೇಶಗಳೂ ಇಂತಹ ತಾಳ್ಮೆಯನ್ನು ತೋರಿಸಿವೆ. ಬ್ರಿಟನ್ನಿನಲ್ಲಿ 1936ರಲ್ಲಿ ಆರಂಭವಾಗಿದ್ದ 405 ಸಾಲುಗಳ ಪ್ರಸಾರ ಹಿಂದೆ ಬಿದ್ದಿತೆಂದು 1964ರಲ್ಲಿ 625 ಸಾಲುಗಳ ಪ್ರಸಾರವನ್ನು ತೊಡಗಿದರು. ಆದರೂ ಹಳೆಯ ಪೆಟ್ಟಿಗೆಯವರಿಗಾಗಿ ಹಳೆಯ ಪ್ರಸಾರವನ್ನು 1985ರ ಜನವರಿಯವರೆಗೆ ಜೊತೆಜೊತೆಯಾಗಿ ನಡೆಸಿದರು. ಭಾರತದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಟೆಲಿವಿಷನ್ ಆರಂಭವಾದುದು 625 ಸಾಲುಗಳ ಮಾನಕದಲ್ಲಿಯೇ. 1982ರ ಆಗಸ್ಟ್ 15ರಂದು ದೂರದರ್ಶನವು ಬಣ್ಣದ ಪ್ರಸಾರವನ್ನು ತೊಡಗಿದಾಗ ಆರಿಸಿಕೊಂಡ ‘ಪಾಲ್’ ಕ್ರಮವು ಜರ್ಮನಿಯಲ್ಲಿ ರೂಪುಗೊಂಡುದು. ಅದೂ ಹಳೆಯ ಪೆಟ್ಟಿಗೆಗೆ ಹೊಂದುವಂತಹುದು. ಆ ನವೆಂಬರಿನ ಏಷ್ಯನ್ ಕ್ರೀಡೆಗಳನ್ನು ಕೆಲವರು ಬಣ್ಣದಲ್ಲಿ ಕಂಡರು. ಕಪ್ಪುಬಿಳುಪಿನ ಪೆಟ್ಟಿಗೆಯಿದ್ದ ಮನೆಯವರೂ, ಅವರ ಕಿಟಕಿಯ ಬಳಿ ನೆರೆದ ಅಕ್ಕಪಕ್ಕದ ಮಕ್ಕಳೂ ಅದೇ ಓಟವನ್ನು ಅದೇ ಗಳಿಗೆಯಲ್ಲಿ ಕಂಡರು. ಯಾರ ಪರದೆಯೂ ಕುರುಡಾಗಲಿಲ್ಲ.

ಕಟ್ಟಳೆ ಎಂದೊಡನೆ ಅದು ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ತೋರುವುದು ಸಹಜ. ಅನಗತ್ಯವಾದ ಕಟ್ಟಳೆ ಅಡ್ಡಿಯೇ ಸರಿ; ಅವಸರದ ಕಟ್ಟಳೆ 1950ರಲ್ಲಿ ಸೋತಿತು. ಆದರೆ ಪ್ರತಿಯೊಬ್ಬನ ವಿವೇಕವೂ ಸೇರಿ ಎಲ್ಲರ ನಷ್ಟವಾಗುವ ಸಂದರ್ಭಗಳುಂಟು. ಅಲ್ಲಿ ಎಲ್ಲರನ್ನೂ ಒಂದೇ ಅಳತೆಗೆ ತರುವ ಕಟ್ಟಳೆಯೇ ಸ್ವಾತಂತ್ರ್ಯದ ಬಾಗಿಲನ್ನು ತೆರೆಯುತ್ತದೆ. ಒಳ್ಳೆಯ ಮಾನಕವನ್ನು ಮಾಡುವವರು ಎರಡು ಮನೆಗಳನ್ನು ಕಣ್ಣಮುಂದೆ ಇರಿಸಿಕೊಂಡಿರಬೇಕು: ಸಾಲ ಮಾಡಿ ನಿನ್ನೆ ಪೆಟ್ಟಿಗೆ ಕೊಂಡವನ ಮನೆ ಒಂದು, ನಾಳೆ ಕೊಳ್ಳಲಿರುವವನ ಮನೆ ಇನ್ನೊಂದು. ಎರಡಕ್ಕೂ ಒಪ್ಪುವಂತೆ ಮಾಡಿದ ಬೀಗವೇ ಬಹುಕಾಲ ಬಾಳುತ್ತದೆ.

ಪದಗಳ ಅರ್ಥ

ಮಾನಕ – ಎಲ್ಲರೂ ಒಪ್ಪಿದ ಅಳತೆ ಅಥವಾ ಕ್ರಮ
ಕಟ್ಟಳೆ – ನಿಯಮ, ವಿಧಿ
ಸ್ಫುಟ – ಸ್ಪಷ್ಟ
ಧರ್ಮಸಂಕಟ – ಎರಡರಲ್ಲಿ ಯಾವುದು ಸರಿಯೆಂದು ತೋಚದ ಸ್ಥಿತಿ
ಶ್ಲೇಷೆ – ಒಂದೇ ಮಾತಿಗೆ ಎರಡರ್ಥ ಬರುವ ಅಲಂಕಾರ
ಆವರ್ತನ – ಒಂದು ಸೆಕೆಂಡಿನಲ್ಲಿ ಅಲೆ ಕಂಪಿಸುವ ಸಲಗಳ ಸಂಖ್ಯೆ
ಬೀಳುಬೀಳು – ಉಳುಮೆಯಿಲ್ಲದೆ ಪಾಳಾಗು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಮಾನಕ ಎಂದರೇನು?
2. 1941ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಸಾಲುಗಳ ಸಂಖ್ಯೆ ಎಷ್ಟು?
3. ಶಿಕ್ಷಣಕ್ಕಾಗಿ ಚಾನೆಲ್ಲುಗಳನ್ನು ಕಾದಿರಿಸಬೇಕೆಂದು ವಾದಿಸಿದವರು ಯಾರು?
4. ಭಾರತದಲ್ಲಿ ಬಣ್ಣದ ಪ್ರಸಾರ ಆರಂಭವಾದುದು ಎಂದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಪ್ರಸಾರ ಕೇಂದ್ರಕ್ಕೂ ಪೆಟ್ಟಿಗೆಗೂ ಇರುವ ಸಂಬಂಧವನ್ನು ಬೀಗ, ಕೀಲಿಕೈಗಳಿಗೆ ಹೋಲಿಸಿರುವುದೇಕೆ?
2. 1953ರ ವರ್ಣಮಾನಕವು ಹಳೆಯ ಪೆಟ್ಟಿಗೆಗಳನ್ನು ಹೇಗೆ ಕಾಪಾಡಿತು?
3. ತಮಗೆ ಬೇಡದ ಭಾಗಕ್ಕೆ ಹಣ ತೆರಬೇಕೆ ಎಂಬ ಆಕ್ಷೇಪಕ್ಕೆ ಕೊಟ್ಟ ಉತ್ತರವೇನು? ಆ ಉತ್ತರ ನಿಮಗೆ ಒಪ್ಪಿಗೆಯೆ? ಕಾರಣ ಕೊಡಿರಿ.

ಇ. ಸಂದರ್ಭವನ್ನು ಸೂಚಿಸಿ ವಿವರಿಸಿರಿ:
1. “ಕಾಯಿದೆ ಗೆದ್ದಿತು, ಆದರೆ ಕಾರ್ಯ ಗೆಲ್ಲಲಿಲ್ಲ.”
2. “ಈ ಸರಪಳಿಯಲ್ಲಿ ಯಾರೊಬ್ಬರೂ ಅವಿವೇಕಿಗಳಲ್ಲ.”

ಈ. ಭಾಷಾಭ್ಯಾಸ:
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಬೆರಳೆಣಿಕೆ, ಮನೆಯಲ್ಲಿ, ಮಳೆಗಾಲ, ಅತ್ಯಲ್ಪ.
2. ಪಾಠದಲ್ಲಿ ಬಂದಿರುವ ಗಾದೆಯನ್ನು ವಿಸ್ತರಿಸಿ, ನಿಮ್ಮ ಊರಿನ ಒಂದು ಸಂಗತಿಗೆ ಅನ್ವಯಿಸಿ ಬರೆಯಿರಿ.